ಆರತಕ್ಷತೆಗೆ ಮನೆಮಂದಿಯ ಡಾನ್ಸ್: ಹಾಡು ಆರಿಸುವುದು ಹೇಗೆ?

ಓದುಗರ ಪ್ರಶ್ನೆ: ಮುಂದಿನ ತಿಂಗಳು ಮಗಳ ಮದುವೆ. ಹಿಂದಿನ ದಿನ ಸಂಜೆ ಆರತಕ್ಷತೆ. ಮನೆಯವರು ಹನ್ನೆರಡು ಮಂದಿ ಸೇರಿ ಡಾನ್ಸ್ ಮಾಡೋಣ ಅಂದುಕೊಂಡಿದ್ದೇವೆ. ಎಲ್ಲರಿಗಿಂತ ಚಿಕ್ಕವಳಿಗೆ 8 ವರ್ಷ, ನಮ್ಮತ್ತೆಗೆ 74. ಎರಡು ವಾರದಿಂದ ಮನೆಯವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಡಿನ ಲಿಂಕುಗಳೇ ಬೀಳುತ್ತಿವೆ, ಒಂದೂ ತೀರ್ಮಾನವಾಗಿಲ್ಲ. ಎಲ್ಲರಿಗೂ ಹೊಂದುವ ಹಾಡು ಆರಿಸುವುದು ಹೇಗೆ?

ಉತ್ತರ: ಎಂಟು ವರ್ಷದವಳಿಗೂ ಎಪ್ಪತ್ತನಾಲ್ಕರವರಿಗೂ ಹೊಂದುವ ಒಂದೇ ಹಾಡು ಸಿಗುವುದಿಲ್ಲ. ಅದನ್ನು ಹುಡುಕಿ ಹುಡುಕಿಯೇ ನಿಮ್ಮ ಎರಡು ವಾರ ಹೋಗಿದೆ. ಲಿಂಕು ಕಳಿಸುವುದನ್ನು ಎರಡು ದಿನ ನಿಲ್ಲಿಸಿ. ಯಾರು ಯಾರ ಜೊತೆ ಕುಣಿಯುತ್ತಾರೆ ಎಂಬುದು ಮೊದಲು ತೀರ್ಮಾನವಾಗಲಿ, ಎಷ್ಟು ಸೆಕೆಂಡ್ ಎಂಬುದು ಆಮೇಲೆ. ಹಾಡಿನ ಸರದಿ ಕೊನೆಗೆ. ಈ ಕ್ರಮ ತಲೆಕೆಳಗಾದ ಮನೆಗಳಲ್ಲಿ ಹಾಡು ಚೆನ್ನಾಗಿರುತ್ತದೆ, ಕುಣಿಯುವವರು ಮಾತ್ರ ಅರ್ಧಕ್ಕೇ ಸುಸ್ತಾಗಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಗುಂಪಿಗೊಂದು ಹಾಡಿನ ತುಣುಕಿನಂತೆ ನಿಮ್ಮ ಹನ್ನೆರಡು ಮಂದಿಯನ್ನು ಹೀಗೆ ಹಂಚಬಹುದು: ಮಕ್ಕಳು 45 ಸೆಕೆಂಡ್, ಸೋದರತ್ತೆ, ಚಿಕ್ಕಮ್ಮ, ದೊಡ್ಡಮ್ಮಂದಿರು 75, ಸೋದರಮಾವ, ಚಿಕ್ಕಪ್ಪಂದಿರು 60, ಅಜ್ಜಿ (ನಿಮ್ಮತ್ತೆ) 40, ಅಪ್ಪ ಮಗಳು 60, ಕೊನೆಗೆ ಎಲ್ಲರೂ ಒಟ್ಟಿಗೆ 90. ಕೂಡಿದರೆ 370 ಸೆಕೆಂಡ್. ಒಂದು ಗುಂಪು ಇಳಿದು ಇನ್ನೊಂದು ಹತ್ತಲು ಪ್ರತಿ ಸಲ 8 ಸೆಕೆಂಡ್ ಅಂದರೂ ಐದು ಸಲಕ್ಕೆ 40. ಒಟ್ಟು ಆರು ನಿಮಿಷ ಐವತ್ತು ಸೆಕೆಂಡ್. ಇಷ್ಟು ಸಾಕು. ಹತ್ತು ನಿಮಿಷ ದಾಟಿದರೆ, ವಧೂವರರಿಗೆ ಹಾರೈಸಲು ಉಡುಗೊರೆ ಹಿಡಿದು ಸಾಲಿನಲ್ಲಿ ನಿಂತವರು ಗಡಿಯಾರ ನೋಡಲು ಶುರು ಮಾಡುತ್ತಾರೆ, ಕೆಳಗೆ ಊಟದ ಹಾಲಿನಲ್ಲಿ ಪಂಕ್ತಿ ಎದ್ದಿದೆ ಎಂಬ ಸುದ್ದಿ ಬಂದರೆ ಅರ್ಧ ಸಭೆ ಖಾಲಿ. ಸಿನಿಮಾ ಹಾಡು ಪೂರ್ತಿ ಹಾಕಿದರೆ ನಾಲ್ಕರಿಂದ ಐದು ನಿಮಿಷ. ಅಷ್ಟರಲ್ಲಿ ಪಲ್ಲವಿ ಮೂರು ಸಲ ಬರುತ್ತದೆ, ನಿಮ್ಮವರ ಹತ್ತಿರ ಇರುವ ಸ್ಟೆಪ್ ಒಂದು ಸಲಕ್ಕೆ ಆಗುವಷ್ಟು.

ಚಪ್ಪಾಳೆಯ ಲೆಕ್ಕ

ಹಾಡು ಹೊಂದುತ್ತದೋ ಇಲ್ಲವೋ ಎಂದು ತಿಳಿಯಲು ಡಾನ್ಸ್ ಮಾಸ್ಟರ್ ಬೇಕಿಲ್ಲ. ಹಾಡು ಹಾಕಿ, ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟಿ, 15 ಸೆಕೆಂಡಿನಲ್ಲಿ ಎಷ್ಟು ಚಪ್ಪಾಳೆ ಬಂತು ಎಣಿಸಿ, ನಾಲ್ಕರಿಂದ ಗುಣಿಸಿ. ನಿಮಿಷಕ್ಕೆ ಎಷ್ಟು ಪೆಟ್ಟು ಎಂಬುದು ಗೊತ್ತಾಗುತ್ತದೆ. ರೇಷ್ಮೆ ಸೀರೆ ಉಟ್ಟ, ಐವತ್ತು ದಾಟಿದ ಹೆಂಗಸರಿಗೆ 90ರಿಂದ 105 ಹಿತ. ಇಪ್ಪತ್ತರ ಆಸುಪಾಸಿನವರಿಗೆ 120ರಿಂದ 130 ಖುಷಿ. 140 ದಾಟಿದ ಹಾಡಿಗೆ ಕಲಿಯದವರು ಕುಣಿಯಲು ಹೋದರೆ ಕಾಲು ಬಿಟ್ಟು ಬರೀ ಕೈ ಆಡಿಸಲು ತೊಡಗುತ್ತಾರೆ. ಅದು ಅವರ ತಪ್ಪಲ್ಲ. ಕಾಲೆತ್ತಿ ಇಳಿಸಲು ಅಷ್ಟು ಪುರುಸೊತ್ತೇ ಇರುವುದಿಲ್ಲ. ಬಹಳ ವೇಗದ ಹಾಡೇ ಬೇಕೆಂದು ಹುಡುಗರು ಹಟ ಹಿಡಿದರೆ, ಎರಡು ಪೆಟ್ಟಿಗೆ ಒಂದು ಹೆಜ್ಜೆಯಂತೆ ಸ್ಟೆಪ್ ಕಟ್ಟಿ. ಅದೇ ಹಾಡು, ಅರ್ಧ ವೇಗ.

ಇನ್ನೊಂದು ಪರೀಕ್ಷೆಯನ್ನು ಬಹಳ ಮಂದಿ ಮರೆಯುತ್ತಾರೆ. ಹಾಡಿಗೆ ಒಂದು ಎರಡು ಮೂರು ನಾಲ್ಕು ಎಂದು ಎಣಿಸಿ ನೋಡಿ, ಕೂತರೆ ಅದು ಚತುರಶ್ರ ನಡೆ. ಎಂಟರ ಎಣಿಕೆಯ ಮಾಮೂಲಿ ಸ್ಟೆಪ್ಪುಗಳೆಲ್ಲ ಅದಕ್ಕೆ ಹೊಂದುತ್ತವೆ. ಒಂದು ಎರಡು ಮೂರು, ಒಂದು ಎರಡು ಮೂರು ಎಂದೇ ಕೂಡುತ್ತಿದ್ದರೆ ಅದು ತಿಶ್ರ. ಇಂಪಾದ ಎಷ್ಟೋ ಹಳೆಯ ಯುಗಳಗೀತೆಗಳ ನಡೆ ಇದೇ. ಇದಕ್ಕೆ ಎಂಟರ ಸ್ಟೆಪ್ ಹಾಕಿದರೆ ಮೂರನೇ ಸಾಲಿಗೇ ತಾಳ ತಪ್ಪುತ್ತದೆ, ಯಾಕೆ ತಪ್ಪಿತೆಂದು ಯಾರಿಗೂ ತಿಳಿಯುವುದಿಲ್ಲ. ತಿಶ್ರದ ಹಾಡನ್ನು ಗುಂಪಿಗೆ ಕೊಡಬೇಡಿ. ಕೈ ಹಿಡಿದು ತೂಗುವ ಅಪ್ಪ ಮಗಳಿಗೋ ಗಂಡ ಹೆಂಡತಿಗೋ ಕೊಡಿ.

ಈಗ ದೊಡ್ಡಮ್ಮಂದಿರ 75 ಸೆಕೆಂಡನ್ನು ಬಿಡಿಸಿ ನೋಡೋಣ. ಹಾಡು ನಿಮಿಷಕ್ಕೆ 100 ಪೆಟ್ಟಿನದು ಅಂದುಕೊಳ್ಳಿ. ಎಂಟರ ಎಣಿಕೆ ನಾಲ್ಕು ಸಲ ಬಂದರೆ 32 ಪೆಟ್ಟು, ಅಂದರೆ 19 ಸೆಕೆಂಡಿಗೆ ತುಸು ಹೆಚ್ಚು. ಇಂಥ ನಾಲ್ಕು ಕಂತು ಸೇರಿದರೆ 77 ಸೆಕೆಂಡ್. ಹಾಗಾದರೆ ಅವರು ಕಲಿಯಬೇಕಾದದ್ದು ನಾಲ್ಕೇ ಸ್ಟೆಪ್, ಒಂದೊಂದನ್ನು ನಾಲ್ಕು ಸಲ ಮಾಡುವುದು. ಮೊದಲ ಕಂತು ನಡೆದು ಬಂದು ಸಾಲಿನಲ್ಲಿ ನಿಲ್ಲುವುದು, ಎರಡನೆಯದು ಬಲಕ್ಕೆ ಎರಡು ಹೆಜ್ಜೆ ಎಡಕ್ಕೆ ಎರಡು ಹೆಜ್ಜೆ, ಮೂರನೆಯದು ಜೋಡಿಯಾಗಿ ಅಂಗೈ ತಟ್ಟುವುದು, ನಾಲ್ಕನೆಯದು ಮಗಳ ಕಡೆ ತಿರುಗಿ ಕೈ ಚಾಚುವುದು. ಇದನ್ನು ಕಾಗದದ ಮೇಲೆ ಬರೆದು ತೋರಿಸಿದರೆ "ನಂಗೆ ಬರಲ್ಲಪ್ಪ" ಅನ್ನುವವರೂ ಒಪ್ಪುತ್ತಾರೆ. ಹಾಡಿನ ಯಾವ ಭಾಗ ಇಟ್ಟುಕೊಳ್ಳಬೇಕು ಎಂಬುದೂ ಇದರಿಂದಲೇ ಗೊತ್ತಾಗುತ್ತದೆ: ಪಲ್ಲವಿ, ಒಂದು ವಾದ್ಯದ ತುಣುಕು, ಮತ್ತೆ ಪಲ್ಲವಿ. ಚರಣ ಬಿಟ್ಟರೂ ನಷ್ಟವಿಲ್ಲ, ಸಭಿಕರು ಕೂಡಿ ಹಾಡುವುದು ಪಲ್ಲವಿಯನ್ನೇ.

ಯಾರಿಗೆ ಯಾವುದು

ಬಿಟ್ಟ ಚರಣವನ್ನೂ ಒಮ್ಮೆ ಕೂತು ಓದಿ. ರಾಗ ಮಧುರವಾಗಿದ್ದ ಮಾತ್ರಕ್ಕೆ ಮಾತು ಮದುವೆಗೆ ಒಪ್ಪಬೇಕೆಂದಿಲ್ಲ. ಗೋಪಾಲಕೃಷ್ಣ ಅಡಿಗರ 'ಯಾವ ಮೋಹನ ಮುರಳಿ' ಇದಕ್ಕೆ ಒಳ್ಳೆಯ ಉದಾಹರಣೆ. 'ಅಮೆರಿಕಾ ಅಮೆರಿಕಾ' ಚಿತ್ರದಿಂದ ಮನೆಮಾತಾದ ಹಾಡು, ಎದೆಗಿಳಿಯುವ ರಾಗ. ಆದರೆ ಅದು ಹೇಳುತ್ತಿರುವುದು ಇರುವ ಬಾಳಿನ ಸುಖಗಳನ್ನು ಬಿಟ್ಟು ದೂರ ಸೆಳೆಯುವ ಕರೆಯ ಬಗ್ಗೆ. ಹಸೆಗೆ ಕೂರುವ ಹಿಂದಿನ ರಾತ್ರಿ ಜೋಡಿಯನ್ನು ನಿಲ್ಲಿಸಿ ಅದನ್ನು ಹಾಕುವುದು ಬೇಡ. ಒಂದೇ ಪಲ್ಲವಿಗೆ ಸಂತಸದ್ದೊಂದು, ದುಃಖದ್ದೊಂದು ಎಂದು ಎರಡು ಆವೃತ್ತಿ ಇರುವ ಹಾಡುಗಳಲ್ಲೂ ಎಚ್ಚರ ಬೇಕು. ಹೆಸರು ನೋಡಿ ಡೌನ್‌ಲೋಡ್ ಮಾಡಿದವರು ಎಷ್ಟೋ ಸಲ ಅಳುವ ಆವೃತ್ತಿಯನ್ನೇ ತಂದಿರುತ್ತಾರೆ.

ಅಪ್ಪ ಮಗಳಿಗೆ ಈಗ ಹೆಚ್ಚು ಮಂದಿ ಕೇಳುವುದು 2017ರ 'ಚೌಕ' ಚಿತ್ರದ 'ಅಪ್ಪಾ ಐ ಲವ್ ಯೂ'. ಒಳ್ಳೆಯ ಹಾಡು, ಕಣ್ಣೀರು ಖಂಡಿತ. ಕಾಜಲ್ ಇಳಿದ ಮುಖದಲ್ಲೇ ಮಗಳು ಇನ್ನೂ ಒಂದೂವರೆ ಗಂಟೆ ಫೋಟೋಗೆ ನಿಲ್ಲಬೇಕು ಎಂಬುದು ನೆನಪಿರಲಿ. ಈ ಭಾಗವನ್ನು ಕೊನೆಗೆ ಇಡದೆ ಕೊನೆಯದಕ್ಕಿಂತ ಮೊದಲು ಇಡಿ. ಅಳು ಬಂದರೂ ಮುಂದಿನ 90 ಸೆಕೆಂಡ್ ಎಲ್ಲರೂ ಸೇರಿ ಕುಣಿದು ನಗಿಸುತ್ತಾರೆ. ಮನೆಯಲ್ಲಿ ಇತ್ತೀಚೆಗೆ ಯಾರಾದರೂ ತೀರಿಕೊಂಡಿದ್ದರೆ, ಬೀಗರ ಕಡೆಯೂ ಸೇರಿಸಿ ವಿಚಾರಿಸಿ, ಆ ಸಂಬಂಧದ ಹಾಡನ್ನು ಕೈಬಿಡಿ. 'ಬೊಂಬೆ ಹೇಳುತೈತೆ' ಕೂಡ ಹಾಗೆಯೇ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಅಗಲಿದ ಮೇಲೆ ಆ ಹಾಡು ಕೇಳಿದರೆ ಸಭೆ ಮೌನವಾಗುತ್ತದೆ. ಗೌರವಕ್ಕೆ ಅದನ್ನು ಬೇರೆಯಾಗಿ ಇಡಿ, ಕುಣಿತದ ಮೆಡ್ಲಿಯ ನಡುವೆ ತುರುಕಬೇಡಿ.

ಅಜ್ಜಿಗೆ ಕುರ್ಚಿ ಹಾಕಿ. ಮೊಣಕಾಲು ನೋವಿನವರನ್ನು ನಿಲ್ಲಿಸಿ ಕುಣಿಸುವ ಉತ್ಸಾಹ ಬೇಡ. 'ಬಾರೇ ಬಾರೇ ಚೆಂದದ ಚೆಲುವಿನ ತಾರೆ'ಯನ್ನು 1972ರ 'ನಾಗರಹಾವು' ಚಿತ್ರದಲ್ಲಿ ಸ್ಲೋ ಮೋಷನ್‌ನಲ್ಲೇ ತೆಗೆದಿದ್ದಾರೆ. ಅಂಥ ಹಾಡಿಗೆ ಕೂತಲ್ಲೇ ಕೈ ಬೀಸಿ, ಬೆರಳು ತಿರುವಿ, ಕೊನೆಗೆ ಮೊಮ್ಮಗಳ ದೃಷ್ಟಿ ತೆಗೆದು ನೆಟಿಗೆ ಮುರಿದರೆ ಆ ಸಂಜೆಯ ದೊಡ್ಡ ಚಪ್ಪಾಳೆ ಅದಕ್ಕೇ. ಹಾಡನ್ನು ಅವರೇ ಆರಿಸಲಿ. ತಮ್ಮ ಹರೆಯದಲ್ಲಿ ರೇಡಿಯೋದಲ್ಲಿ ಕೇಳಿದ ಹಾಡಾದರೆ ಮಾತು ಬಾಯಿಗೆ ತಾನಾಗಿ ಬರುತ್ತದೆ, ಅಭ್ಯಾಸವೇ ಬೇಡ.

ಎರಡು ಭಾಷೆಯ ಮನೆಗಳು ಸೇರುವಾಗ ಒಂದು ಸುಲಭ ದಾರಿಯಿದೆ. 1981ರ 'ಗೀತಾ' ಚಿತ್ರದ 'ಜೊತೆಯಲಿ ಜೊತೆ ಜೊತೆಯಲಿ' ರಾಗವನ್ನು ಇಳಯರಾಜ ಅವರೇ ತಮಿಳಿನ 'ನೂರಾವದು ನಾಳ್' ಚಿತ್ರಕ್ಕೂ, 2007ರ ಹಿಂದಿಯ 'ಚೀನೀ ಕಮ್'ಗೂ ಬಳಸಿದ್ದಾರೆ. ಪಲ್ಲವಿ ಕನ್ನಡದಲ್ಲಿ ಶುರುವಾಗಿ ಅದೇ ರಾಗದಲ್ಲಿ ಬೀಗರ ಭಾಷೆಗೆ ಹೊರಳಿದರೆ ಎರಡೂ ಕಡೆಯವರ ಮುಖ ಅರಳುತ್ತದೆ. ಉತ್ತರ ಕರ್ನಾಟಕದ ಬೀಗರಾದರೆ 'ಚುಟು ಚುಟು ಅಂತೈತಿ' ಹಾಕಿದೊಡನೆ ಅವರು ಕರೆಯದೆಯೇ ಎದ್ದು ಬರುತ್ತಾರೆ. ಕೊಡವರ ಮನೆಯ ಸಂಬಂಧವಾದರೆ ಈ ಚಿಂತೆಯೇ ಇಲ್ಲ, ವಾಲಗ ಶುರುವಾದರೆ ಸಾಕು, ಅವರಿಗೆ ಹೆಜ್ಜೆ ಹುಟ್ಟಿನಿಂದಲೇ ಬಂದದ್ದು.

ಒಂದು ವಿಷಯ ಕೈಮುಗಿದು ಹೇಳಬೇಕು. 'ಕಾಂತಾರ' ಬಂದ ಮೇಲೆ ದೈವದ ವೇಷ ಹಾಕಿ ವೇದಿಕೆಯಲ್ಲಿ ಕುಣಿಯುವ ಆಸೆ ಅಲ್ಲಲ್ಲಿ ಕಾಣುತ್ತಿದೆ. ತುಳುನಾಡಿನವರಿಗೆ ಅದು ಆರಾಧನೆ. ಪಂಬದ, ಪರವ, ನಲಿಕೆ ಸಮುದಾಯದವರು ನೇಮ ನಿಷ್ಠೆಯಿಂದ ನಡೆಸಿಕೊಂಡು ಬಂದದ್ದು. ನೆಂಟರಲ್ಲಿ ಒಬ್ಬರೇ ಒಬ್ಬರು ಕರಾವಳಿಯವರಿದ್ದರೂ ಅವರ ಮನಸ್ಸು ನೋಯುತ್ತದೆ. ಆ ಚಿತ್ರದ್ದೇ ಬೇಕೆಂದರೆ 'ಸಿಂಗಾರ ಸಿರಿಯೆ' ಇದೆ.

ಕತ್ತರಿ, ಜೋಡಣೆ, ಪೆನ್‌ಡ್ರೈವ್

ಹಾಡು ಕತ್ತರಿಸಲು ಆಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಕು. ಕತ್ತರಿಸುವ ಜಾಗ ಮಾತಿನ ಕೊನೆಯಲ್ಲಲ್ಲ, ಮುಂದಿನ ಎಣಿಕೆಯ 'ಒಂದು' ಬೀಳುವ ಕ್ಷಣಕ್ಕೆ ಸರಿಯಾಗಿ ಇರಲಿ. ಅರ್ಧ ಪೆಟ್ಟು ಹೆಚ್ಚು ಕಡಿಮೆಯಾದರೂ ಕಾಲು ಎಡವುತ್ತದೆ. ಒಂದು ಹಾಡು ಎರಡು ಸೆಕೆಂಡಿನಲ್ಲಿ ಇಳಿಯಲಿ, ಮುಂದಿನದು ಶುರುವಾಗುವ ಮೊದಲು ಎಂಟು ಪೆಟ್ಟು ಬರೀ ತಮಟೆ ಅಥವಾ ಡೊಳ್ಳು ಬರಲಿ. ಗುಂಪು ಬದಲಾಗುವುದು ಆ ಸದ್ದಿನಲ್ಲೇ, ಖಾಲಿ ಮೌನದಲ್ಲಲ್ಲ. ಎಪ್ಪತ್ತರ ದಶಕದ ಧ್ವನಿಮುದ್ರಣ ಈಗಿನದಕ್ಕಿಂತ ಮೆತ್ತಗೆ ಕೇಳುತ್ತದೆ. ಎಲ್ಲ ತುಣುಕುಗಳ ಮಟ್ಟ ಸಮ ಮಾಡದಿದ್ದರೆ ಅಜ್ಜಿಯ ಹಾಡು ಯಾರಿಗೂ ಕೇಳದು, ಹುಡುಗರ ಹಾಡಿಗೆ ಮಗು ಬೆಚ್ಚಿ ಅಳುತ್ತದೆ.

ಸಿದ್ಧವಾದ ಫೈಲನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಎಂದು ಕಳಿಸಿ. ಎರಡು ಪೆನ್‌ಡ್ರೈವ್‌ಗೆ ಹಾಕಿ, ಒಂದು ಸೌಂಡ್‌ನವರಿಗೆ, ಇನ್ನೊಂದು ನಿಮ್ಮವರ ಜೇಬಿಗೆ. ಅದರಲ್ಲಿ ಬೇರೆ ಯಾವ ಹಾಡೂ ಇರಬಾರದು. ಯೂಟ್ಯೂಬಿನಿಂದ ನೇರ ಹಾಕುವ ಯೋಚನೆ ಬಿಡಿ. ನೆಲಮಾಳಿಗೆಯ ಹಾಲಿನಲ್ಲಿ ನೆಟ್‌ವರ್ಕ್ ಇರದು, ಇದ್ದರೆ ನಡುವೆ ಜಾಹೀರಾತು. ಫೋನಿನಿಂದಲೇ ಹಾಕುವುದಾದರೆ ಬ್ಲೂಟೂತ್ ಬೇಡ, ತಂತಿ ಇರಲಿ, ಫೋನು ಏರೋಪ್ಲೇನ್ ಮೋಡ್‌ನಲ್ಲಿರಲಿ.

ದೊಡ್ಡ ಮಂಟಪದಲ್ಲಿ ಸ್ಪೀಕರು ಕುಣಿಯುವವರಿಂದ 60 ಅಡಿ ದೂರವಿದ್ದರೆ ಸದ್ದು ಅವರನ್ನು ತಲುಪಲು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ತಡ, ಗೋಡೆಯ ಮಾರ್ದನಿ ಬೇರೆ. ವೇದಿಕೆಯ ಕಡೆ ತಿರುಗಿದ ಒಂದು ಸ್ಪೀಕರ್ ಬೇಕೇ ಬೇಕೆಂದು ಸೌಂಡ್‌ನವರಿಗೆ ಮುಂಗಡ ಕೊಡುವಾಗಲೇ ಹೇಳಿ.

ಹಕ್ಕುಸ್ವಾಮ್ಯದ ಭಯ ಬೇಡ. 1957ರ ಕಾಯ್ದೆಯ ಸೆಕ್ಷನ್ 52(1)(ಝಡ್‌ಎ) ಮದುವೆ ಸಂಭ್ರಮಗಳಲ್ಲಿ ಹಾಡು ಹಾಕಲು ವಿನಾಯಿತಿ ಕೊಟ್ಟಿದೆ, ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಅದನ್ನು ಸ್ಪಷ್ಟಪಡಿಸಿದೆ. ವಿಡಿಯೊ ಇಂಟರ್ನೆಟ್ಟಿಗೆ ಏರಿಸಿದಾಗ ಹಾಡು ಮ್ಯೂಟ್ ಆಗುವುದು ಬೇರೆ ಮಾತು. ಬಯಲಲ್ಲಿ ಅಥವಾ ಲಾನ್‌ನಲ್ಲಿ ಆರತಕ್ಷತೆಯಾದರೆ ರಾತ್ರಿ 10ರ ನಂತರ ಧ್ವನಿವರ್ಧಕ ಹಾಕುವಂತಿಲ್ಲ.

ಸಮಯ ಏಳು ಗಂಟೆಗೆ, ವಧೂವರರು ವೇದಿಕೆಗೆ ಬಂದ ಕೂಡಲೇ, ಸಾಲು ಕಟ್ಟುವ ಮೊದಲೇ ಇಟ್ಟುಕೊಳ್ಳಿ. ಆಮೇಲೆ ಸಾಲನ್ನು ನಿಲ್ಲಿಸುವುದು ಕಷ್ಟ. ಇನ್ನೂ ತಡವಾದರೆ ಮದುಮಗಳಿಗೆ ನಿದ್ದೆಯಿಲ್ಲ, ಬೆಳಗ್ಗೆ ನಾಲ್ಕಕ್ಕೆ ಎಬ್ಬಿಸುವುದಿದೆ. ಸೋಫಾ, ಹೂವಿನ ಅಲಂಕಾರ ಬಂದ ಮೇಲೆ ವೇದಿಕೆಯಲ್ಲಿ ಉಳಿಯುವುದು ಆರೇಳು ಅಡಿ ಆಳ. ಒಬ್ಬರಿಗೆ ನಾಲ್ಕು ಅಡಿ ಬೇಕು. ಕೊನೆಯ ಹಾಡಿಗೆ ಹನ್ನೆರಡು ಮಂದಿ ಮೇಲೆ ಹಿಡಿಸುವುದಿಲ್ಲ, ವೇದಿಕೆಯ ಮುಂದಿನ ಮೂರು ಸಾಲು ಕುರ್ಚಿ ತೆಗೆಸಿ ಕೆಳಗೆ ಕುಣಿಯಿರಿ. ಸ್ಟೆಪ್ ಚೆನ್ನಾಗಿ ಬರುವವರನ್ನು ಸಾಲಿನ ಎರಡೂ ತುದಿಗೆ ನಿಲ್ಲಿಸಿ, ತಿರುಗಿದಾಗ ಉಳಿದವರು ನೋಡುವುದು ತುದಿಯವರನ್ನೇ.

ಅಭ್ಯಾಸಕ್ಕೆ ನಾಲ್ಕು ದಿನ, ದಿನಕ್ಕೆ ಮುಕ್ಕಾಲು ಗಂಟೆ. ಕಲಿಸುವವರು ತಮ್ಮ ಬೆನ್ನು ಕಾಣುವಂತೆ ವಿಡಿಯೊ ತೆಗೆದು ಕಳಿಸಲಿ, ಎದುರಿನಿಂದ ತೆಗೆದರೆ ಮನೆಯಲ್ಲಿ ನೋಡಿ ಕಲಿಯುವವರಿಗೆ ಎಡ ಬಲ ಅದಲು ಬದಲಾಗುತ್ತದೆ. ಕೊನೆಯ ದಿನ ಸೀರೆ ಉಟ್ಟೇ ಅಭ್ಯಾಸವಾಗಲಿ. ನೆರಿಗೆಗೂ ಸೆರಗಿಗೂ ಪಿನ್ ಹಾಕಿ, ಕೂತೇಳುವ ಸ್ಟೆಪ್ ಇದ್ದರೆ ಅವತ್ತೇ ತೆಗೆದುಹಾಕಿ.

ವಧೂವರರು ಬರುವಾಗ ಸುರಿದ ಹೂವಿನ ಪಕಳೆಗಳನ್ನು ಡಾನ್ಸಿಗೆ ಮೊದಲು ಒಬ್ಬರು ಗುಡಿಸಲೇಬೇಕು. ನುಣುಪು ಗ್ರಾನೈಟಿನ ಮೇಲೆ ತುಳಿದ ಗುಲಾಬಿ ಎಸಳು ಸೋಪಿನಂತೆ ಜಾರುತ್ತದೆ. ಆ ಕೆಲಸ ಯಾರದು ಎಂದು ಹಿಂದಿನ ದಿನವೇ ಹೆಸರು ಹಿಡಿದು ಹೇಳಿ, ಪೊರಕೆ ಎಲ್ಲಿದೆ ಎಂದೂ ತೋರಿಸಿಡಿ.