ಕೂಸಿನ ಮುಂದೊಗಲನ್ನು ಹಿಂದಕ್ಕೆ ಎಳೆಯಬೇಡಿ

ಎಣ್ಣೆ ಹಚ್ಚಿ ನೀರೆರೆಯುವಾಗ ಗಂಡುಕೂಸಿನ ಮುಂದೊಗಲನ್ನು (ಶಿಶ್ನದ ತುದಿಯನ್ನು ಮುಚ್ಚುವ ಚರ್ಮವನ್ನು) ದಿನಾ ಚೂರು ಚೂರೇ ಹಿಂದಕ್ಕೆ ಜಾರಿಸಬೇಕು, ಇಲ್ಲದಿದ್ದರೆ ಅಂಟಿಕೊಂಡೇ ಉಳಿಯುತ್ತದೆ ಎಂಬ ಮಾತು ಬಾಣಂತಿ ಕೋಣೆಯಲ್ಲಿ ಇನ್ನೂ ಓಡಾಡುತ್ತಿದೆ. ದಯವಿಟ್ಟು ಕೈಬಿಡಿ. ಹುಟ್ಟುವಾಗ ಅದು ಅಂಟಿಕೊಂಡೇ ಇರುತ್ತದೆ, ಇರಬೇಕಾದದ್ದೂ ಹಾಗೆಯೇ.

ಮುಂದೊಗಲಿನ ಒಳಪದರವೂ ಶಿಶ್ನದ ತುದಿಯ ಮೇಲ್ಪದರವೂ ಆಗ ಒಂದಕ್ಕೊಂದು ಬೆಸೆದಿರುತ್ತವೆ, ಉಗುರು ಅಡಿಯ ಚರ್ಮಕ್ಕೆ ಕೂತಂತೆ. ನಡುವಿನ ಜೀವಕೋಶಗಳು ಉದುರುತ್ತಾ ಎರಡೂ ತಾವಾಗಿ ಬಿಡಿಸಿಕೊಳ್ಳುತ್ತವೆ. ಉದುರಿದ ಕೋಶಗಳು ಚರ್ಮದಡಿ ಬಿಳಿ ಮುತ್ತಿನಂತೆ ಕಾಣುತ್ತವೆ. ಅದು ಕೀವಲ್ಲ, ಹಿಸುಕಬೇಡಿ. ಬಿಡಿಸಿಕೊಳ್ಳಲು ವರ್ಷಗಳೇ ಬೇಕು. ಡೆನ್ಮಾರ್ಕ್‌ನ ಶಾಲಾ ಹುಡುಗರನ್ನು ಪರೀಕ್ಷಿಸಿ ವೈದ್ಯ ಯಾಕೋಬ್ ಊಸ್ಟರ್ 1968ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ 6-7ರ ವಯಸ್ಸಿನ ಶೇ. 63 ಮಕ್ಕಳಲ್ಲಿ ಅಂಟು ಉಳಿದಿತ್ತು. 16-17ಕ್ಕೆ ಬರುವಷ್ಟರಲ್ಲಿ ಶೇ. 3ರಲ್ಲಿ ಮಾತ್ರ.

ಎಳೆದರೆ ಇಷ್ಟು ನೋವೇಕೆ? ಮುಂದೊಗಲು ಬರೀ ತೊಗಲಲ್ಲ. ಹೊರಗೆ ತೆಳು ಚರ್ಮ, ಒಳಗೆ ತುಟಿಯ ಒಳಬದಿಯಂತೆ ತೇವದ ಪದರ, ನಡುವೆ ಮುಂದೊಗಲಿನ ಬಾಯಿಯನ್ನು ಮುದುರಿ ಹಿಡಿಯುವ ಸಣ್ಣ ಸ್ನಾಯುವಿನ ಎಳೆಗಳು. ಆ ಬಾಯಿಯ ಒಳಅಂಚಿನಲ್ಲಿ ಹಗುರ ಸ್ಪರ್ಶವನ್ನು ಗ್ರಹಿಸುವ ಮೈಸ್ನರ್ ಕಣಗಳಿವೆ. ಬೆನ್ನುಹುರಿಯ ಕೆಳತುದಿಯ, ಎಸ್2ರಿಂದ ಎಸ್4 ಎಂದು ಕರೆಯುವ ನರಬೇರುಗಳಿಂದ, ಜನನಾಂಗಕ್ಕೆ ಸಾಗುವ ಪ್ಯುಡೆಂಡಲ್ ನರ ಹೊರಡುತ್ತದೆ. ಅದರ ಒಂದು ಶಾಖೆ ಶಿಶ್ನದ ಮೇಲ್ಭಾಗದಲ್ಲಿ, ನಡುಗೆರೆಯ ಎರಡೂ ಬದಿ ಸಾಗುತ್ತದೆ. ಅಡಿಭಾಗಕ್ಕೆ, ಅಲ್ಲಿ ಮುಂದೊಗಲನ್ನು ತುದಿಗೆ ಕಟ್ಟಿರುವ ಕಿರುದಾರಕ್ಕೆ, ಅದೇ ನರದ ಪೆರಿನಿಯಲ್ ಶಾಖೆಯಿಂದಲೂ ಎಳೆಗಳು ಬರುತ್ತವೆ. ಹಾಗಾಗಿಯೇ ಸುನ್ನತಿಯಲ್ಲಿ ಮೇಲೆ ಮಾತ್ರ ಅರಿವಳಿಕೆ ಚುಚ್ಚಿದರೆ ಮೇಲ್ಭಾಗ ಜೋಮು ಹಿಡಿದರೂ ಕಿರುದಾರ ಮುಟ್ಟಿದೊಡನೆ ಮಗು ಚೀರಬಹುದು. ಬುಡದ ಸುತ್ತ ಉಂಗುರದಂತೆ ಇಲ್ಲವೇ ಅಡಿಯಲ್ಲೂ ಮದ್ದು ಹೋಗಬೇಕು.

ಬಲವಂತ ಮಾಡಿದಾಗ ಬಾಯಂಚು ಸಣ್ಣಗೆ ಸೀಳುತ್ತದೆ. ಅದು ಮಾಯುವಾಗ ಕಲೆಗಟ್ಟಿ ಬಿಳಿಯ ಗಡಸು ಉಂಗುರವಾದರೆ, ಇಲ್ಲದ ಫೈಮೋಸಿಸ್ (ಮುಂದೊಗಲಿನ ಬಾಯಿ ಬಿಗಿದು ಹಿಂದೆ ಸರಿಯದಿರುವ ತೊಂದರೆ) ನಾವೇ ತಂದುಕೊಂಡಂತೆ. ಇನ್ನೂ ಕೆಟ್ಟದ್ದು, ಎಳೆದ ಚರ್ಮ ಮುಂದಕ್ಕೆ ಬಾರದೆ ಹಿಂದೆಯೇ ಸಿಕ್ಕಿಕೊಳ್ಳುವುದು: ತುದಿ ಊದಿ ರಕ್ತ ಓಡಾಟಕ್ಕೆ ತಡೆಯಾಗುತ್ತದೆ. ಬೆಳಗಾಗಲಿ ಎಂದು ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಮೂತ್ರ ಹೊಯ್ಯುವಾಗ ಮುಂದೊಗಲು ಬಲೂನಿನಂತೆ ಉಬ್ಬಿದರೂ ಧಾರೆ ಸರಾಗವಾಗಿದ್ದರೆ ಸಾಮಾನ್ಯವಾಗಿ ಗಾಬರಿ ಬೇಡ. ಧಾರೆ ನೂಲಿನಷ್ಟು ಸಣ್ಣದಾದರೆ, ಜ್ವರ, ಕೀವು ಅಥವಾ ಆ ಬಿಳಿ ಉಂಗುರ ಕಂಡರೆ ತೋರಿಸಿ. ಎಷ್ಟೋ ಸಲ ವೈದ್ಯರು ಬರೆದುಕೊಡುವ ಶೇ. 0.05ರ ಬೆಟಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮುಲಾಮು, ದಿನಕ್ಕೆರಡು ಬಾರಿ 4ರಿಂದ 8 ವಾರ, ಸಾಕಾಗುತ್ತದೆ. ಪರೀಕ್ಷೆ ಇಲ್ಲದೆ ಅಂಗಡಿಯಿಂದ ತಂದು ಹಚ್ಚಬೇಡಿ. ಅಂಟು ತಾನಾಗಿ ಬಿಡುವವರೆಗೆ ಸ್ನಾನದಲ್ಲಿ ಹೊರಗಿನಿಂದ ನೀರು ಹಾಕಿ ತೊಳೆದರಾಯಿತು. ಚರ್ಮ ತಾನಾಗಿ ಜಾರುವ ಕಾಲಕ್ಕೆ ಹುಡುಗನೇ ಹಿಂದಕ್ಕೆ ಸರಿಸಿ ತೊಳೆದು, ಒರೆಸಿ, ಮರೆಯದೆ ಮುಂದಕ್ಕೆ ತಂದುಬಿಡಲಿ.