ಅಸ್ಥಿರ ಯುದ್ಧವಿಮಾನದ ತೂಕದ ಲೆಕ್ಕ

ಗಾಳಿಯ ಹೊಡೆತಕ್ಕೆ ಮೂತಿ ತುಸು ಮೇಲೆದ್ದ ವಿಮಾನವು ತಾನಾಗಿಯೇ ಮೊದಲಿನ ಸ್ಥಿತಿಗೆ ಮರಳುತ್ತದೆಯೋ, ಇನ್ನಷ್ಟು ಏಳುತ್ತದೆಯೋ ಎಂಬುದನ್ನು ಎರಡು ಬಿಂದುಗಳ ಸ್ಥಾನ ನಿರ್ಧರಿಸುತ್ತದೆ. ಒಂದು ಗುರುತ್ವ ಕೇಂದ್ರ. ಇನ್ನೊಂದು ತಟಸ್ಥ ಬಿಂದು, ಅಂದರೆ ಮೂತಿ ಎದ್ದಾಗ ಹೆಚ್ಚುವ ಎತ್ತುಬಲವು ಒಟ್ಟಾರೆಯಾಗಿ ವರ್ತಿಸುವ ಜಾಗ. ಗುರುತ್ವ ಕೇಂದ್ರ ಮುಂದಿದ್ದರೆ ವಿಮಾನ ಸ್ಥಿರವಾಗಿರುತ್ತದೆ. ಆದರೆ ಹಾಗಿದ್ದಾಗ ಮೂತಿ ತಗ್ಗದಂತೆ ಬಾಲದ ರೆಕ್ಕೆಯು ಸಾಮಾನ್ಯವಾಗಿ ಕೆಳಕ್ಕೆ ಒತ್ತುತ್ತಿರಬೇಕು, ಆ ಹೊರೆಯನ್ನೂ ಮುಖ್ಯ ರೆಕ್ಕೆಯೇ ಹೊರಬೇಕು.

1974ರಲ್ಲಿ ಮೊದಲು ಹಾರಿದ ಎಫ್-16 ಯುದ್ಧವಿಮಾನದ ವಿನ್ಯಾಸಕಾರರು ಈ ಹೊರೆಯನ್ನು ತಪ್ಪಿಸಲು ಗುರುತ್ವ ಕೇಂದ್ರವನ್ನು ಬೇಕೆಂದೇ ಹಿಂದಕ್ಕಿಟ್ಟರು. ಶಬ್ದಕ್ಕಿಂತ ಕಡಿಮೆ ವೇಗದಲ್ಲಿ ಹೀಗೆ ಅಸ್ಥಿರವಾದ ವಿಮಾನವನ್ನು ಫ್ಲೈ-ಬೈ-ವೈರ್ ವ್ಯವಸ್ಥೆ, ಅಂದರೆ ಪೈಲಟ್‌ನ ಆದೇಶವನ್ನು ವಿದ್ಯುತ್ ಸಂಕೇತವಾಗಿ ಪಡೆದು ಕಂಪ್ಯೂಟರ್ ಮೂಲಕ ವಿಮಾನವನ್ನು ನಿಯಂತ್ರಿಸುವ ಏರ್ಪಾಡು, ಎಡೆಬಿಡದೆ ತಿದ್ದುತ್ತದೆ; ಮುಂದೆ 1984ರಲ್ಲಿ ಹಾರಿದ ಪ್ರಾಯೋಗಿಕ ಎಕ್ಸ್-29ರಲ್ಲಿ ಈ ತಿದ್ದುವಿಕೆ ಸೆಕೆಂಡಿಗೆ 40 ಬಾರಿ ನಡೆಯುತ್ತಿತ್ತು.

ಇಷ್ಟೆಲ್ಲ ಕಂಪ್ಯೂಟರೇ ನೋಡಿಕೊಳ್ಳುವಾಗ ತೂಕ ಎಲ್ಲಿದ್ದರೇನು ಎನ್ನಿಸಬಹುದು. ವಾಸ್ತವ ಇದಕ್ಕೆ ತೀರ ವಿರುದ್ಧ. ಕಂಪ್ಯೂಟರು ಎಷ್ಟೇ ಚುರುಕಾಗಿದ್ದರೂ ಅದರ ಕೈಯಲ್ಲಿರುವುದು ಬಾಲದ ರೆಕ್ಕೆ, ಅದು ತಿರುಗುವುದಕ್ಕೂ ಒಂದು ಕೊನೆಯಿದೆ. ಗುರುತ್ವ ಕೇಂದ್ರ ಹಿಂದೆ ಸರಿದಷ್ಟೂ ಮೂತಿ ಇಳಿಸಲು ಉಳಿಯುವ ಬಲ ಕರಗುತ್ತದೆ. ಎಫ್-16 ಕೆಲವೊಮ್ಮೆ ಸಿಕ್ಕಿಬೀಳುವ 'ಡೀಪ್ ಸ್ಟಾಲ್' ಸ್ಥಿತಿಯಲ್ಲಿ ಕಾಣುವುದು ಇದೇ: ಬಾಲದ ರೆಕ್ಕೆ ಪೂರ್ತಿ ತಿರುಗಿದ್ದರೂ ಮೂತಿ ಇಳಿಯುವುದಿಲ್ಲ, ವಿಮಾನ ಹಾಗೆಯೇ ಕುಸಿಯುತ್ತದೆ. ಪೈಲಟ್ ಕಂಪ್ಯೂಟರಿನ ಮಿತಿಯನ್ನು ಬದಿಗೊತ್ತುವ ಸ್ವಿಚ್ ಹಿಡಿದು, ಮೂತಿಯನ್ನು ಮೇಲೆ-ಕೆಳಗೆ ತೂಗಾಡಿಸಿ ಹೊರಬರಬೇಕಾಗುತ್ತದೆ. ಮುಂದಿನ ಮಾದರಿಗಳಲ್ಲಿ ಬಾಲದ ರೆಕ್ಕೆಯನ್ನೇ ದೊಡ್ಡದು ಮಾಡಲಾಯಿತು.

ಹಾರಾಟದಲ್ಲಿ ಅತಿ ಹೆಚ್ಚು ಬದಲಾಗುವ ತೂಕ ಇಂಧನದ್ದು. ಎಫ್-16ರ ಇಂಧನ ಮಾಪಕದಲ್ಲಿ ಎರಡು ಮುಳ್ಳುಗಳಿವೆ: ಒಂದು ಮುಂಭಾಗದ ಟ್ಯಾಂಕುಗಳಿಗೆ, ಇನ್ನೊಂದು ಹಿಂಭಾಗದವುಗಳಿಗೆ. ಅವುಗಳ ಅಂತರ ಮಿತಿ ಮೀರಿದರೆ ಮುಳ್ಳಿನ ಕೆಂಪು ಭಾಗ ಕಾಣಿಸುತ್ತದೆ. ಹಿಂದೆ ಭಾರ ಹೆಚ್ಚಿದ್ದರೆ ಪೈಲಟ್ ಗುಂಡಿ ತಿರುಗಿಸಿ ಹಿಂದಿನ ಇಂಧನ ಮೊದಲು ಖರ್ಚಾಗುವಂತೆ ಮಾಡುತ್ತಾನೆ. ಗುಂಡು ಹಾರಿಸಿದ ಮೇಲೆ ಉಳಿಯುವ ಖಾಲಿ ತೋಟೆಗಳನ್ನೂ ಈ ವಿಮಾನ ಹೊರಗೆ ಚೆಲ್ಲದೆ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಎಂಜಿನ್ನಿಗೆ ಚೂರುಗಳು ಹೋಗದಿರಲೆಂಬುದು ಇದರ ಒಂದು ಲಾಭವಾದರೆ, ತೂಕ ಒಮ್ಮೆಲೇ ಬದಲಾಗದಿರುವುದು ಇನ್ನೊಂದು.

ನೆಲದ ಮೇಲಿನ ಲೆಕ್ಕವೂ ಇಷ್ಟೇ ಬಿಗಿ. ಮೂತಿಯಲ್ಲಿದ್ದ ಹಳೆಯ ರೇಡಾರ್ ತೆಗೆದು ಹಗುರವಾದದ್ದನ್ನು ಕೂರಿಸಿದರೆ ಗುರುತ್ವ ಕೇಂದ್ರ ಹಿಂದೆ ಸರಿಯುತ್ತದೆ. ನಿಯಂತ್ರಣದ ಸೂತ್ರಗಳನ್ನು ರೂಪಿಸಿದ ಮಿತಿಯನ್ನು ಅದು ದಾಟುವಂತಿದ್ದರೆ, ಕಷ್ಟಪಟ್ಟು ಉಳಿಸಿದ ಆ ತೂಕವನ್ನು ಲೋಹದ ತುಂಡುಗಳ ರೂಪದಲ್ಲಿ ಮತ್ತೆ ಮೂತಿಗೇ ಬಿಗಿಯಬೇಕಾಗುತ್ತದೆ.