ಐಸೋಲೇಷನ್ ವಾರ್ಡು ದಡಾರವನ್ನು ಯಾಕೆ ತಡೆಯಲ್ಲ?

ದಡಾರಕ್ಕೆ ನಮ್ಮ ರಾಯಚೂರು ಕಡೆ ಗೊಬ್ಬರ ಅಂತಾರೆ. ಅಮ್ಮ ಬಂದಾಳೆ ಅಂತ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ, ಹೊರಗಿನವರು ಒಳಗೆ ಬರಲ್ಲ. ಅದೂ ಒಂದು ಬಗೆಯ ಐಸೋಲೇಷನ್ನೇ, ಅಂದರೆ ರೋಗಿಯನ್ನು ಬೇರೆ ಇಡೋದು. ಫೀಲ್ಡಿಗೆ, ಅಂದರೆ ಊರಿನ ಮನೆಗಳಿಗೆ ಹೋದಾಗ ಬೈಯಬೇಡಿ. ಮಗು ಹಾಲು, ನೀರು ಕುಡಿಯುತ್ತಿದೆಯಾ, ಉಸಿರು ಜೋರಾಗಿದೆಯಾ ಅಂತ ನೋಡಿ, ತೊಂದರೆ ಇದ್ದರೆ ಆಗಲೇ ಆಸ್ಪತ್ರೆಗೆ ಕಳಿಸಿ.

ಯಾವ ರೋಗಕ್ಕೆ ಎಷ್ಟು ದಿನ ಬೇರೆ ಇಡಬೇಕು ಅನ್ನೋ ಲೆಕ್ಕವನ್ನು ಪರೀಕ್ಷೆಗೆ ಎಲ್ಲರೂ ಬಾಯಿಪಾಠ ಮಾಡುತ್ತೇವೆ, ಅಲ್ವಾ? ಅದಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ರೋಗ ಹರಡೋದು ಮೊದಲಾ, ನಮಗೆ ಗೊತ್ತಾಗೋದು ಮೊದಲಾ?

ಸಿಡುಬು ಜಾಸ್ತಿ ಹರಡುತ್ತಿದ್ದದ್ದು ಮೈಮೇಲೆ ಗುಳ್ಳೆ ಎದ್ದ ಮೇಲೆ. ಹಾಗಾಗಿ ರೋಗಿಯನ್ನು ಬೇರೆ ಇಟ್ಟು, ಸುತ್ತಲಿನವರಿಗೆ ಲಸಿಕೆ ಹಾಕಿದರೆ ಸರಪಳಿ ತುಂಡಾಗುತ್ತಿತ್ತು. 1975ರಲ್ಲಿ ಭಾರತದಿಂದ ಅದು ಹೋಗಿದ್ದು ಹೀಗೆ.

ದಡಾರ ಇದಕ್ಕೆ ಉಲ್ಟಾ. ಗಂಧೆ ಏಳುವ 4 ದಿನ ಮೊದಲೇ ಹರಡೋಕೆ ಶುರು, ಎದ್ದ ಮೇಲೂ 4 ದಿನ. ಆ ಮೊದಲ ದಿನಗಳಲ್ಲಿ ಬರೀ ಜ್ವರ, ನೆಗಡಿ, ಕೆಂಪು ಕಣ್ಣು, ಮಗು ಅಂಗನವಾಡಿಯಲ್ಲಿ ಎಲ್ಲರ ಜೊತೆ ಕೂತಿರುತ್ತೆ. ರೋಗದ ಮಗು ಎದ್ದು ಹೋದ ಕೋಣೆಯ ಗಾಳಿಯಲ್ಲೂ ವೈರಸ್ 2 ಗಂಟೆವರೆಗೆ ಉಳಿಯಬಹುದು. ವಾರ್ಡಿಗೆ ಸೇರಿಸುವ ಹೊತ್ತಿಗೆ ಊರಲ್ಲಿ ಹರಡಿ ಆಗಿರುತ್ತೆ.

ಹಾಗಂತ ಬೇರೆ ಕೋಣೆ ಸುಮ್ನೆ ಅಲ್ಲ. ಅದು ಕಾಯೋದು ವಾರ್ಡಿನ ಬೇರೆ ಮಕ್ಕಳನ್ನು, ಅದರಲ್ಲೂ ಪಕ್ಕದ ಹಾಸಿಗೆಯ ಅಪೌಷ್ಟಿಕ ಮಗುವನ್ನು. ದಡಾರದ ಮಗುವಿಗೆ ವಿಟಮಿನ್ ಎ ಎರಡು ದಿನ ಸತತವಾಗಿ ಕೊಡೋದು ಮರೆಯಬೇಡಿ.

ಊರನ್ನು ಕಾಯೋದು ಎಂಆರ್ (ದಡಾರ-ರುಬೆಲ್ಲಾ) ಲಸಿಕೆ: 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ಸುಮಾರು 95% ಮಕ್ಕಳಿಗೆ ಎರಡೂ ಬಿದ್ದಿರಬೇಕು. ದೇವದುರ್ಗ, ಲಿಂಗಸುಗೂರು ಕಡೆಯಿಂದ ಬೆಂಗಳೂರಿಗೆ ಗುಳೆ ಹೋಗುವ ಮನೆಗಳಲ್ಲಿ ಈ ಎರಡನೇ ಡೋಸ್ ತಪ್ಪಿಹೋಗುವ ಭಯ ಜಾಸ್ತಿ, ಅದಕ್ಕೇ ಲಸಿಕೆಯ ವಿವರ ಬರೆದಿರುವ ‘ತಾಯಿ ಕಾರ್ಡು’ ಜೊತೆಗೇ ಒಯ್ಯಿರಿ ಅಂತ ಹೊರಡುವ ಮೊದಲೇ ಹೇಳಬೇಕು.



ಗಂಟಲಮಾರಿಗೆ (ಡಿಫ್ತೀರಿಯಾ) ಮಾತ್ರ ಐಸೋಲೇಷನ್ ನಿಜಕ್ಕೂ ದೊಡ್ಡ ಆಯುಧ. ಜ್ವರ ಇಳಿದು ಮಗು ಆಡುತ್ತಿದ್ದರೂ ಗಂಟಲಲ್ಲಿ ಬ್ಯಾಕ್ಟೀರಿಯಾ ಇರಬಹುದು. 14 ದಿನ ಔಷಧ ಮುಗಿಸಿ, ಆಮೇಲೆ 24 ಗಂಟೆ ಅಂತರದಲ್ಲಿ ಎರಡು ಸಲ ತೆಗೆದ ಗಂಟಲ ಸ್ವಾಬ್ (ಹತ್ತಿಕಡ್ಡಿಯಿಂದ ತೆಗೆದ ಮಾದರಿ) ನೆಗೆಟಿವ್ ಬರಬೇಕು, ಅಲ್ಲಿವರೆಗೆ ಬೇರೆ ಇಡಬೇಕು. ಲಕ್ಷಣವಿಲ್ಲದೆ ರೋಗ ಹೊತ್ತವರು ಮನೆಯಲ್ಲೂ ಇರಬಹುದು. ಅದಕ್ಕೆ ಅಕ್ಕ, ತಮ್ಮ, ಅಜ್ಜಿ ಎಲ್ಲರ ಸ್ವಾಬ್ ತೆಗೆದು, ಔಷಧ ಕೊಟ್ಟು, 7 ದಿನ ಗಂಟಲು ನೋಡುತ್ತಿರಬೇಕು.